ಬಾಯಿಮಾತಿನಲ್ಲಿ ಉಳಿದ ಆಟಗಾರರು

2024ರ ಮೇ ತಿಂಗಳ ಕೊನೆಯಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ ತನ್ನ ಲೆಕ್ಕದ ಪುಸ್ತಕವನ್ನು ತಿದ್ದಿತು. ಜೀವಮಾನದ ಬ್ಯಾಟಿಂಗ್ ಸರಾಸರಿಯ ಪಟ್ಟಿಯಲ್ಲಿ ಟೈ ಕಾಬ್ ಎಂಬ ಬಿಳಿಯ ಆಟಗಾರನ ಹೆಸರು ತಲೆಮಾರುಗಳಿಂದ ಮೊದಲನೆಯದಾಗಿ ಕೂತಿತ್ತು. ಅದರ ಮೇಲೆ ಜಾಶ್ ಗಿಬ್ಸನ್ ಎಂಬ ಕಪ್ಪು ಮನುಷ್ಯನ ಹೆಸರು ಬಂತು. ಕಾಬ್‌ನ ಸರಾಸರಿ .367, ಗಿಬ್ಸನ್‌ನದು .372. ಅಂದರೆ ಸಾವಿರ ಸಲ ಬ್ಯಾಟು ಹಿಡಿದು ನಿಂತರೆ 372 ಸಲ ಚೆಂಡನ್ನು ಹೊಡೆದು ಬೇಸ್ ಮುಟ್ಟಿದ ಲೆಕ್ಕ. ಗಿಬ್ಸನ್‌ಗೆ ಈ ಸುದ್ದಿ ಗೊತ್ತಾಗಲಿಲ್ಲ. ಅವನು 1947ರ ಜನವರಿ 20ರಂದು, ತನ್ನ 35ನೇ ವಯಸ್ಸಿನಲ್ಲಿ ಸತ್ತುಹೋಗಿದ್ದ. ಬದುಕಿದ್ದಾಗ ಮೇಜರ್ ಲೀಗಿನ ಒಂದೇ ಒಂದು ಪಂದ್ಯವನ್ನೂ ಅವನಿಗೆ ಆಡಗೊಟ್ಟಿರಲಿಲ್ಲ.

ಸತ್ತು 77 ವರ್ಷವಾದ ಮೇಲೆ ಪುಸ್ತಕಕ್ಕೆ ಹೆಸರು ಬಂತು. ನ್ಯಾಯ ಸಿಕ್ಕಿತು ಅಂತ ಕೆಲವರು ಹೇಳಿದರು, ಇಷ್ಟು ತಡವಾಗಿ ಸಿಕ್ಕದ್ದು ನ್ಯಾಯವೇ ಅಂತ ಕೆಲವರು ಕೇಳಿದರು. ನಮ್ಮ ಪ್ರಶ್ನೆ ಬೇರೆ. ಈ 77 ವರ್ಷ ಆ ಹೆಸರನ್ನು ಕಾಪಾಡಿಕೊಂಡು ಬಂದವರು ಯಾರು? ಲೆಕ್ಕದ ಪುಸ್ತಕ ಕಾಪಾಡಲಿಲ್ಲ. ಬಿಳಿಯರ ಪತ್ರಿಕೆಗಳೂ ಕಾಪಾಡಲಿಲ್ಲ. ಕಪ್ಪು ಜನರ ಕೇರಿಯ ಕ್ಷೌರದಂಗಡಿಯಲ್ಲಿ ಸರದಿಗಾಗಿ ಕೂತ ಮುದುಕರು, ಉಕ್ಕಿನ ಕಾರ್ಖಾನೆಯ ಕೂಲಿಗಳು, ರೈಲುಗಳಲ್ಲಿ ಬಿಳಿಯರ ಹಾಸಿಗೆ ಹಾಸುತ್ತಿದ್ದ ಪೋರ್ಟರುಗಳು, ಚರ್ಚಿನಿಂದ ಸೀದಾ ಮೈದಾನಕ್ಕೆ ಹೋಗುತ್ತಿದ್ದ ಹೆಂಗಸರು, ಇವರು ಕಾಪಾಡಿದರು. ಬಾಯಲ್ಲಿ ಇಟ್ಟುಕೊಂಡು ಕಾಪಾಡಿದರು. ಓದುಬರಹ ಬಲ್ಲವರು ಯಾವುದನ್ನು ಹರಟೆ ಅಂತ ಕೈಬೀಸಿ ತಳ್ಳುತ್ತಾರೋ ಅದೇ ಅವರ ಉಗ್ರಾಣವಾಗಿತ್ತು. ಆ ಹರಟೆಯ ಚರಿತ್ರೆಯನ್ನು ನಮ್ಮ ಗೆಳೆಯರ ಮುಂದೆ ಇಡಬೇಕೆಂದು ಈ ಬರಹ.

ಮೊದಲು ಆಟದ ಬಗ್ಗೆ ಎರಡು ಮಾತು. ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದಾಯಾದಿ ಅನ್ನಿ. ಚೆಂಡೆಸೆಯುವವನು ಪಿಚರ್. ಚೆಂಡನ್ನು ನೆಲಕ್ಕೆ ತಾಗಿಸದೆ ಬೀಸಿ ಎಸೆಯುತ್ತಾನೆ. ಹೊಡೆಯುವವನ ಕೈಯಲ್ಲಿ ಒನಕೆಯಂಥ ದುಂಡನೆಯ ಬ್ಯಾಟು. ಹೊಡೆದು ಓಡಿ ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್. ಚೆಂಡು ಬೇಲಿ ದಾಟಿ ಹೋದರೆ ಹೋಮ್ ರನ್. ಮೂರು ಸಲ ತಪ್ಪಿದರೆ ಹೊಡೆಯುವವನು ಔಟ್. ಪಿಚರ್ ನಾಲ್ಕು ಸಲ ಹದ ತಪ್ಪಿ ಎಸೆದರೆ ಹೊಡೆಯುವವನಿಗೆ ಮೊದಲ ಬೇಸ್ ಪುಕ್ಕಟೆ. ಇಷ್ಟು ತಿಳಿದಿದ್ದರೆ ಮುಂದಿನ ಕತೆಗೆ ಸಾಕು.

ಈ ಆಟದಲ್ಲಿ ಕಪ್ಪು ಜನ ಮೊದಲಿಂದಲೂ ಇದ್ದರು. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬಾತ ಟೊಲೆಡೊ ತಂಡದ ಕ್ಯಾಚರ್ ಆಗಿ ದೊಡ್ಡ ಲೀಗಿನಲ್ಲೇ ಆಡಿದ್ದ. ಅದಕ್ಕೂ ಒಂದು ವರ್ಷ ಮುಂಚೆ ಷಿಕಾಗೋ ತಂಡದ ನಾಯಕ ಕ್ಯಾಪ್ ಆನ್ಸನ್, ವಾಕರ್ ಮೈದಾನಕ್ಕೆ ಇಳಿದರೆ ತಾನು ಆಡುವುದಿಲ್ಲವೆಂದು ಹಟ ಹಿಡಿದಿದ್ದ. 1887ರ ಜುಲೈಯಲ್ಲಿ ಇಂಟರ್‌ನ್ಯಾಷನಲ್ ಲೀಗ್ ಎಂಬ ಕೂಟದ ಮಾಲೀಕರು ಕಪ್ಪು ಆಟಗಾರರ ಜೊತೆ ಹೊಸ ಕರಾರು ಮಾಡಿಕೊಳ್ಳಕೂಡದು ಎಂದು ಮತ ಹಾಕಿ ತೀರ್ಮಾನಿಸಿದರು. ದೊಡ್ಡ ಲೀಗುಗಳು ಅಷ್ಟನ್ನೂ ಮಾಡಲಿಲ್ಲ. ಅವು ಏನನ್ನೂ ಬರೆದಿಡದೆ ಬಾಗಿಲು ಹಾಕಿಕೊಂಡವು. ಮಹನೀಯರು ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದ ಅದು. 1942ರಲ್ಲಿ ಆಟದ ಕಮಿಷನರ್ ಆಗಿದ್ದ ಲ್ಯಾಂಡಿಸ್, ಕಪ್ಪು ಜನರನ್ನು ಸೇರಿಸಬಾರದೆಂಬ ನಿಯಮವೇ ನಮ್ಮಲ್ಲಿಲ್ಲ ಎಂದು ಹೇಳಿಕೆ ಕೊಟ್ಟ. ಆ ಹೊತ್ತಿಗೆ ದೊಡ್ಡ ಲೀಗಿನಲ್ಲಿ ಒಬ್ಬ ಕಪ್ಪು ಆಟಗಾರ ಕಾಣಿಸಿ 50 ವರ್ಷದ ಮೇಲಾಗಿತ್ತು!

ನಮಗೆ ಇದು ಹೊಸದೇನಲ್ಲ. ನಮ್ಮೂರ ಹೋಟೆಲಿನ ಮುಂದೆ 'ಇವರಿಗೆ ಬೇರೆ ಲೋಟ' ಅಂತ ಬೋರ್ಡು ಹಾಕಿರಲಿಲ್ಲ. ಲೋಟ ಮಾತ್ರ ಬೇರೆ ಇರುತ್ತಿತ್ತು. ಬರೆದ ಕಾನೂನನ್ನು ಸುಡಬಹುದು, ಕೋರ್ಟಿಗೆ ಒಯ್ಯಬಹುದು. ಬರೆಯದ ಕಾನೂನನ್ನು ಎಲ್ಲಿಗೆ ಒಯ್ಯೋದು?

*

ಬಾಗಿಲು ಮುಚ್ಚಿದಾಗ ಕಪ್ಪು ಜನ ತಮ್ಮದೇ ಮನೆ ಕಟ್ಟಿಕೊಂಡರು. 1920ರ ಫೆಬ್ರುವರಿ 13ರಂದು ಕ್ಯಾನ್ಸಸ್ ಸಿಟಿಯ ಒಂದು ವೈಎಂಸಿಎ ಕಟ್ಟಡದಲ್ಲಿ ಸಭೆ ಸೇರಿ ನೀಗ್ರೋ ನ್ಯಾಷನಲ್ ಲೀಗನ್ನು ಹುಟ್ಟುಹಾಕಿದರು. ನೀಗ್ರೋ ಎಂಬ ಮಾತನ್ನು ಆ ಜನ ಈಗ ಬಿಟ್ಟಿದ್ದಾರೆ. ಲೀಗಿನ ಹೆಸರಾದ್ದರಿಂದ ಇಲ್ಲಿ ಹಾಗೇ ಇಟ್ಟಿದ್ದೇವೆ. ಮುಂದಾಳು ರೂಬ್ ಫಾಸ್ಟರ್, ಸ್ವತಃ ದೊಡ್ಡ ಪಿಚರ್, ಷಿಕಾಗೋ ಅಮೆರಿಕನ್ ಜೈಂಟ್ಸ್ ತಂಡದ ಒಡೆಯ. ದಕ್ಷಿಣದ ಹತ್ತಿ ಹೊಲಗಳನ್ನೂ ಅಲ್ಲಿನ ಕಗ್ಗೊಲೆಗಳನ್ನೂ ಬಿಟ್ಟು ಕಪ್ಪು ಜನ ಉತ್ತರದ ಕಾರ್ಖಾನೆ ಪಟ್ಟಣಗಳಿಗೆ ಲಕ್ಷಗಟ್ಟಲೆ ವಲಸೆ ಬರುತ್ತಿದ್ದ ಕಾಲ. ಬೆವರಿನ ಕೂಲಿಯಲ್ಲಿ ಉಳಿಸಿದ ನಾಲ್ಕು ಕಾಸಿನಿಂದ ಟಿಕೆಟ್ ಕೊಂಡು ತಮ್ಮವರ ಆಟ ನೋಡುವ ಜನ ಹೀಗೆ ಸಿದ್ಧವಾದರು. ಮೊದಲ ಲೀಗು 1931ರ ಹೊತ್ತಿಗೆ ಆರ್ಥಿಕ ಕುಸಿತಕ್ಕೆ ಸಿಕ್ಕಿ ಮುರಿದುಬಿತ್ತು. 1933ರಲ್ಲಿ ಮತ್ತೊಂದು ಎದ್ದಿತು, 1937ರಲ್ಲಿ ಇನ್ನೊಂದು.

ಭಾನುವಾರ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡದ ಆಟವಿದ್ದರೆ ಅಲ್ಲಿನ ಕಪ್ಪು ಜನರ ಚರ್ಚುಗಳು ಪ್ರಾರ್ಥನೆಯನ್ನು ಒಂದು ಗಂಟೆ ಮುಂಚೆ ಇಟ್ಟುಕೊಳ್ಳುತ್ತಿದ್ದವು. ಜನ ಚರ್ಚಿಗೆ ತೊಟ್ಟ ಒಳ್ಳೇ ಬಟ್ಟೆಯಲ್ಲೇ ಮೈದಾನಕ್ಕೆ ಬರುತ್ತಿದ್ದರು. ವಾರವೆಲ್ಲ ಇನ್ನೊಬ್ಬರ ಅಡುಗೆಮನೆಯಲ್ಲಿ, ಕುಲುಮೆಯಲ್ಲಿ, ಕಸಾಯಿ ಕಾರ್ಖಾನೆಯಲ್ಲಿ ದುಡಿದವರು ಅಂದು ಟೋಪಿಯಿಟ್ಟು ತಲೆಯೆತ್ತಿ ಕೂರುತ್ತಿದ್ದರು. ಬಿಳಿಯರ ಮೈದಾನದಲ್ಲಿ ಈ ಮರ್ಯಾದೆ ಎಲ್ಲಿತ್ತು? ಸೇಂಟ್ ಲೂಯಿಸ್ ಪಟ್ಟಣದಲ್ಲಿ 1944ರವರೆಗೆ ಕಪ್ಪು ಪ್ರೇಕ್ಷಕರು ಮೈದಾನದ ಒಂದು ಮೂಲೆಯ ಕಟಕಟೆಯಲ್ಲೇ ಕೂರಬೇಕಿತ್ತು. ಕಾಸು ತಗೊಳ್ಳೋಕೆ ಕೈಗೆ ಮೈಲಿಗೆಯಿಲ್ಲ, ಕೂರಿಸಿಕೊಳ್ಳೋಕೆ ಬೆಂಚಿಗೆ ಮೈಲಿಗೆ.

ಆಟಗಾರರ ಪಾಡು ಇನ್ನೊಂದು. ಲೀಗಿನ ಪಂದ್ಯಗಳು ವರ್ಷಕ್ಕೆ ಅರವತ್ತೋ ಎಂಬತ್ತೋ. ಅದರಿಂದ ಹೊಟ್ಟೆ ತುಂಬದು. ಉಳಿದ ದಿನವೆಲ್ಲ ಬಸ್ಸು ಹತ್ತಿ ಊರೂರು ಅಲೆದು ಸಿಕ್ಕಿದ ತಂಡದ ಮೇಲೆ ಆಡಬೇಕು. ದಾರಿಯಲ್ಲಿ ಹೋಟೆಲಿನವರು ಕೋಣೆ ಕೊಡರು, ಊಟದ ಮನೆಯವರು ಒಳಗೆ ಬಿಡರು. ಬಸ್ಸಿನಲ್ಲೇ ಊಟ, ಬಸ್ಸಿನಲ್ಲೇ ನಿದ್ದೆ. ಹೀಗಿದ್ದೂ ಇವರು ಆಟಕ್ಕೆ ಹೊಸದನ್ನು ತಂದರು. 1930ರಲ್ಲೇ ಮೊನಾರ್ಕ್ಸ್ ತಂಡ ಲಾರಿಗಳ ಮೇಲೆ ದೀಪದ ಕಂಬಗಳನ್ನು ಹೇರಿಕೊಂಡು ಹೋಗಿ ರಾತ್ರಿ ಆಟ ಆಡಿಸಿತು. ಹಗಲು ದುಡಿಯುವ ಕೂಲಿಯವನು ರಾತ್ರಿಯಲ್ಲದೆ ಇನ್ಯಾವಾಗ ಬಂದಾನು? ಮೇಜರ್ ಲೀಗಿನ ಮೊದಲ ರಾತ್ರಿ ಪಂದ್ಯ ನಡೆದದ್ದು ಐದು ವರ್ಷ ತಡವಾಗಿ, 1935ರಲ್ಲಿ.

*

ಈ ಆಟಗಳ ಸುದ್ದಿ ಬಿಳಿಯರ ದಿನಪತ್ರಿಕೆಗಳಲ್ಲಿ ಬರುತ್ತಿದ್ದುದು ಅಪರೂಪ. ಬಂದರೂ ಎರಡು ಸಾಲು. ಕಪ್ಪು ಜನರ ವಾರಪತ್ರಿಕೆಗಳಿದ್ದವು. ಷಿಕಾಗೋ ಡಿಫೆಂಡರ್, ಪಿಟ್ಸ್‌ಬರ್ಗ್ ಕೊರಿಯರ್, ಬಾಲ್ಟಿಮೋರಿನ ಆಫ್ರೋ-ಅಮೆರಿಕನ್ ಅಂಥವು. ರೈಲಿನ ಪೋರ್ಟರುಗಳು ಡಿಫೆಂಡರಿನ ಕಟ್ಟುಗಳನ್ನು ಬಚ್ಚಿಟ್ಟುಕೊಂಡು ದಕ್ಷಿಣದ ಊರುಗಳಿಗೆ ತಲುಪಿಸುತ್ತಿದ್ದರು. ಒಬ್ಬ ಓದುತ್ತಿದ್ದ, ಹತ್ತು ಜನ ಕೇಳುತ್ತಿದ್ದರು. ಆಮೇಲೆ ಮಾತು ಶುರು. ಪೈಜ್ ದೊಡ್ಡವನೋ ಸ್ಮೋಕಿ ಜೋ ವಿಲಿಯಮ್ಸ್ ದೊಡ್ಡವನೋ? ಗಿಬ್ಸನ್ ಹೊಡೆದ ಚೆಂಡು ಎಷ್ಟು ದೂರ ಹೋಯಿತು? ಆ ದಿನ ನೀನು ಮೈದಾನದಲ್ಲಿ ಇದ್ದೆಯೋ, ಬರೀ ಕೇಳಿದ್ದೋ?

ಕ್ಷೌರದಂಗಡಿ ಈ ಮಾತಿನ ದೊಡ್ಡ ಕಟ್ಟೆ. ಇಲ್ಲಿ ನಾವು ನಿಂತು ಯೋಚಿಸಬೇಕು. ನಮ್ಮ ಎಷ್ಟೋ ಹಳ್ಳಿಗಳಲ್ಲಿ ದಲಿತರಿಗೆ ಮುಚ್ಚಿದ್ದ ಬಾಗಿಲುಗಳಲ್ಲಿ ಕ್ಷೌರದಂಗಡಿಯದೂ ಒಂದು. ತಲೆಕೂದಲು ಕತ್ತರಿಸಿಕೊಳ್ಳಲು ಪೇಟೆಗೆ ಹೋದವರು ನಮ್ಮಲ್ಲಿ ಎಷ್ಟು ಜನ! ಅಮೆರಿಕದ ಕಪ್ಪು ಕೇರಿಯಲ್ಲಿ ಅದು ಅವರ ಸ್ವಂತದ ಜಾಗ. ಅಂಗಡಿಯವನೂ ಅವರವನೇ, ಕುರ್ಚಿಯೂ ಅವರದೇ, ಮಾತೂ ಅವರದೇ. ಬಿಳಿಯ ಒಡೆಯನ ಕಿವಿಗೆ ಬೀಳದ ಮಾತು ಆಡಬಹುದಾದ ಜಾಗ. ಚರಿತ್ರೆ ಉಳಿಯಬೇಕಾದರೆ ಅಂಥ ಒಂದು ಜಾಗ ಬೇಕಾಗುತ್ತದೆ.

ಆ ಮಾತುಗಳಲ್ಲಿ ಕತೆಗಳು ಬೆಳೆದವು. ಕೂಲ್ ಪಾಪಾ ಬೆಲ್ ಎಂಬ ಓಟಗಾರನ ಬಗ್ಗೆ ಸ್ಯಾಚೆಲ್ ಪೈಜ್ ಹೇಳುತ್ತಿದ್ದ: ಅವನೆಷ್ಟು ಚುರುಕು ಅಂದರೆ ದೀಪದ ಗುಂಡಿ ಒತ್ತಿ, ಕೋಣೆ ಕತ್ತಲಾಗುವುದರೊಳಗೆ ಹಾಸಿಗೆಯಲ್ಲಿ ಮಲಗಿರುತ್ತಿದ್ದ! ಗಿಬ್ಸನ್ ಬಗ್ಗೆ ಇನ್ನೊಂದು. ಪಿಟ್ಸ್‌ಬರ್ಗಿನಲ್ಲಿ ಅವನು ಹೊಡೆದ ಚೆಂಡು ಆಕಾಶಕ್ಕೆ ಹೋಗಿ ಕೆಳಗೆ ಬರಲೇ ಇಲ್ಲ. ಮಾರನೇ ದಿನ ಫಿಲಡೆಲ್ಫಿಯಾದಲ್ಲಿ ಆಡುತ್ತಿರುವಾಗ ಮೇಲಿಂದ ಒಂದು ಚೆಂಡು ಬಿತ್ತು. ಯಾರೋ ಹಿಡಿದರು. ಅಂಪೈರ್ ಗಿಬ್ಸನ್ ಕಡೆ ಬೆರಳು ತೋರಿಸಿ, ನಿನ್ನೆ ಪಿಟ್ಸ್‌ಬರ್ಗಿನಲ್ಲಿ ನೀನು ಔಟ್ ಅಂದನಂತೆ.

ಇದು ಸುಳ್ಳು ಅಂತ ಹೇಳಿದವನಿಗೂ ಗೊತ್ತು, ಕೇಳಿದವನಿಗೂ ಗೊತ್ತು. ಹಾಗಾದರೆ ಯಾಕೆ ಹೇಳುತ್ತಾರೆ? ಬಿಳಿಯರ ಬೇಬ್ ರೂತ್ ಹೊಡೆದ ಒಂದೊಂದು ಚೆಂಡೂ ಪುಸ್ತಕದಲ್ಲಿ ಇತ್ತು. ಗಿಬ್ಸನ್ ಹೊಡೆದದ್ದಕ್ಕೆ ಪುಸ್ತಕವೇ ಇಲ್ಲ. ಪುಸ್ತಕ ಇಲ್ಲದವರು ಮರೆಯಲಾಗದಂಥ ಕತೆ ಕಟ್ಟಲೇಬೇಕು. ನಮ್ಮ ಮಂಟೇಸ್ವಾಮಿ, ಮಾದಪ್ಪನ ಕಾವ್ಯಗಳನ್ನು ಹಾಡಿದವರಿಗೆ ಈ ಗುಟ್ಟನ್ನು ಯಾರೂ ಹೇಳಿಕೊಡಬೇಕಿಲ್ಲ.

ಆದರೆ ನಾವು ಚರಿತ್ರೆಯ ಮಾತಾಡುವಾಗ ಕತೆಯನ್ನೂ ತೂಗಿ ನೋಡಬೇಕು. 1942ರ ನೀಗ್ರೋ ವರ್ಲ್ಡ್ ಸೀರೀಸ್‌ನ ಒಂದು ಆಟ ಈ ಅಭಿಮಾನಿಗಳ ಮಾತಿನಲ್ಲಿ ಎಲ್ಲಕ್ಕಿಂತ ದೊಡ್ಡದು. ಒಂದು ಕಡೆ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್, ಅವರ ಪಿಚರ್ ಪೈಜ್. ಇನ್ನೊಂದು ಕಡೆ ಹೋಮ್‌ಸ್ಟೆಡ್ ಗ್ರೇಸ್, ಅವರ ಹೊಡೆತಗಾರ ಗಿಬ್ಸನ್. ಪಿಟ್ಸ್‌ಬರ್ಗಿನ ಫೋರ್ಬ್ಸ್ ಮೈದಾನ. ಹೇಳುವವರು ಹೇಳುವುದು ಹೀಗೆ: ಪೈಜ್ ಬೇಕೆಂದೇ ಹದ ತಪ್ಪಿಸಿ ಎಸೆದು ಹೊಡೆತಗಾರರನ್ನು ಬೇಸ್‌ಗಳಿಗೆ ಕಳಿಸಿ ಮೂರೂ ಬೇಸ್ ತುಂಬಿಸಿದ, ಗಿಬ್ಸನ್ ಎದುರಿಗೆ ಬರಲಿ ಅಂತ. ಎಸೆಯುವ ಮುಂಚೆ ಯಾವ ಚೆಂಡು ಬರುತ್ತದೆಂದು ಗಿಬ್ಸನ್‌ಗೆ ಹೇಳಿ ಹೇಳಿ ಎಸೆದ. ಒಂದು, ಎರಡು, ಮೂರು. ಗಿಬ್ಸನ್ ಔಟ್. ಮೊನಾರ್ಕ್ಸ್ ತಂಡದ ಬಕ್ ಓನೀಲ್ ಅಂದು ಅದೇ ಮೈದಾನದಲ್ಲಿದ್ದವರು. ಈ ಕತೆಯನ್ನು ಅವರು ಬದುಕಿರುವವರೆಗೂ ಹೇಳಿದರು.

ಆ ಕಾಲದ ಪತ್ರಿಕೆಗಳನ್ನು ಆಮೇಲೆ ಹುಡುಕಿ ತೆಗೆದವರು ನೋಡಿದಾಗ ಬೇಸ್ ತುಂಬಿದ್ದು ಗ್ರೇಸ್ ತಂಡದವರ ಹೊಡೆತಗಳಿಂದ, ಪೈಜ್ ಬೇಕೆಂದು ಬಿಟ್ಟುಕೊಟ್ಟದ್ದರಿಂದ ಅಲ್ಲ ಎಂದು ಕಂಡುಬಂತು. ಗಿಬ್ಸನ್‌ನನ್ನು ಪೈಜ್ ಔಟ್ ಮಾಡಿದ್ದು ಮಾತ್ರ ನಿಜ. ಆ ವರ್ಷದ ಸರಣಿಯನ್ನು ಮೊನಾರ್ಕ್ಸ್ ಗೆದ್ದದ್ದೂ ನಿಜ. ಅಂದರೆ ಬಾಯಿಮಾತು ತಿರುಳನ್ನು ಹಿಡಿದಿತ್ತು, ಮೇಲೆ ಬಣ್ಣ ಬಳಿದಿತ್ತು. ಇದನ್ನು ಒಪ್ಪಿಕೊಂಡರೆ ನಮಗೇನೂ ನಷ್ಟವಿಲ್ಲ. ಬಣ್ಣ ಕಂಡ ತಕ್ಷಣ ತಿರುಳೂ ಸುಳ್ಳೆನ್ನುವ ವಿದ್ವಾಂಸರಿದ್ದಾರಲ್ಲ, ಅವರಿಂದ ನಷ್ಟ. ಆಟಗಾರರಿಗೆ ದೊಡ್ಡ ಲೀಗಿನ ಬಾಗಿಲು ಮುಚ್ಚಿ, ಅವರು ಆಡಿದ್ದನ್ನು ಅಚ್ಚು ಹಾಕದೆ, ಕಡೆಗೆ ನಿಮ್ಮ ಬಳಿ ದಾಖಲೆ ಎಲ್ಲಿದೆ ಅಂತ ಕೇಳೋದು. ಮನೆ ಸುಟ್ಟವನೇ ಬಂದು ಮನೆಯ ಪತ್ರ ಕೇಳಿದ ಹಾಗೆ.

*

ಈ ಅಭಿಮಾನಿಗಳು ಬರೀ ಮಾತಾಡಿ ಸುಮ್ಮನಿರಲಿಲ್ಲ. 1933ರಿಂದ ಷಿಕಾಗೋದ ಕಾಮಿಸ್ಕಿ ಮೈದಾನದಲ್ಲಿ ಪ್ರತಿವರ್ಷ ಪೂರ್ವ-ಪಶ್ಚಿಮ ಪಂದ್ಯ ನಡೆಯಿತು. ಆಡುವವರು ಯಾರೆಂದು ಆರಿಸುವವರು ಅಭಿಮಾನಿಗಳೇ. ಕಪ್ಪು ಪತ್ರಿಕೆಗಳಲ್ಲಿ ಮತಪತ್ರ ಅಚ್ಚಾಗುತ್ತಿತ್ತು. ದಕ್ಷಿಣದಲ್ಲಿ ಸರ್ಕಾರ ಆರಿಸುವ ಓಟು ಇಲ್ಲದಂತೆ ಮಾಡಿದ್ದ ಜನ ಇಲ್ಲಿ ತಮ್ಮ ಆಟಗಾರನಿಗೆ ಓಟು ಹಾಕುತ್ತಿದ್ದರು. 1943ರ ಪಂದ್ಯಕ್ಕೆ 50 ಸಾವಿರಕ್ಕೂ ಮಿಕ್ಕಿ ಜನ ಸೇರಿದ್ದರು.

1938ರ ಜುಲೈಯಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಜೇಕ್ ಪೊವೆಲ್ ಎಂಬಾತ ರೇಡಿಯೋ ಸಂದರ್ಶನದಲ್ಲಿ, ಆಟವಿಲ್ಲದ ತಿಂಗಳುಗಳಲ್ಲಿ ತಾನು ಪೊಲೀಸು, ಕಪ್ಪು ಜನರ ತಲೆಗೆ ಲಾಠಿ ಬಿಡುವುದೇ ಕೆಲಸ ಎಂಬರ್ಥದ ಮಾತನ್ನು ತಮಾಷೆಯೆಂಬಂತೆ ಆಡಿದ. ಕಪ್ಪು ಜನ ಅದನ್ನು ತಮಾಷೆ ಅಂತ ತಗೊಳ್ಳಲಿಲ್ಲ. ನಿಯೋಗ ಹೋದರು, ಮನವಿಗೆ ಸಹಿ ಹಾಕಿಸಿದರು. ಪೊವೆಲ್‌ನನ್ನು ಹತ್ತು ದಿನ ಆಟದಿಂದ ಹೊರಗಿಡಬೇಕಾಯಿತು. ವಾಷಿಂಗ್ಟನ್ನಿನಲ್ಲಿ ಅವನು ಮತ್ತೆ ಮೈದಾನಕ್ಕಿಳಿದಾಗ ಬಾಟಲಿಗಳು ಹಾರಿಬಂದವು. ಅದೇ ವರ್ಷ ಪಿಟ್ಸ್‌ಬರ್ಗ್ ಕೊರಿಯರಿನ ವೆಂಡೆಲ್ ಸ್ಮಿತ್ ತಮ್ಮ ಜನರನ್ನೇ ತರಾಟೆಗೆ ತೆಗೆದುಕೊಂಡು ಬರೆದರು. ನಮ್ಮನ್ನು ಒಳಗೆ ಬಿಡದವರ ಆಟಕ್ಕೆ ನಾವ್ಯಾಕೆ ಕಾಸು ಕೊಡಬೇಕು ಅನ್ನುವುದು ಅವರ ವಾದ.

ನ್ಯೂಅರ್ಕ್ ಈಗಲ್ಸ್ ತಂಡದ ಒಡತಿ ಎಫಾ ಮ್ಯಾನ್ಲಿ ಎಂಬ ಹೆಣ್ಣುಮಗಳನ್ನೂ ಇಲ್ಲಿ ನೆನೆಯಬೇಕು. ಹಾರ್ಲೆಮ್ ಕೇರಿಯಲ್ಲಿ ಕಪ್ಪು ಹುಡುಗಿಯರಿಗೆ ಗುಮಾಸ್ತಿಕೆ ಕೊಡದ ಅಂಗಡಿಯಲ್ಲಿ ವ್ಯಾಪಾರ ಮಾಡಬೇಡಿ ಎಂದು 1934ರಲ್ಲಿ ನಡೆದ ಚಳವಳಿಯಲ್ಲಿ ಆಕೆ ಮುಂದೆ ನಿಂತಿದ್ದರು. 1939ರಲ್ಲಿ ತಮ್ಮ ತಂಡದ ಆಟದ ದಿನವನ್ನೇ ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದರ ವಿರುದ್ಧದ ದಿನವನ್ನಾಗಿ ಆಚರಿಸಿದರು. ಆಟದ ಮೈದಾನ ಚಳವಳಿಯ ಮೈದಾನವೂ ಆಯಿತು.

*

1947ರ ಏಪ್ರಿಲ್ 15. ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಅಂಗಿ ತೊಟ್ಟು ಜ್ಯಾಕಿ ರಾಬಿನ್ಸನ್ ಎಬೆಟ್ಸ್ ಮೈದಾನಕ್ಕಿಳಿದ. ಜಾರ್ಜಿಯಾ ರಾಜ್ಯದ ಗೇಣಿ ರೈತರ ಮಗ. 1944ರಲ್ಲಿ ಸೈನ್ಯದಲ್ಲಿದ್ದಾಗ ಬಸ್ಸಿನ ಹಿಂದಿನ ಸೀಟಿಗೆ ಹೋಗು ಅಂದದ್ದಕ್ಕೆ ಒಪ್ಪದೆ ಕೋರ್ಟ್ ಮಾರ್ಷಲ್ ಎದುರಿಸಿ ಗೆದ್ದು ಬಂದವನು. 1945ರಲ್ಲಿ ಮೊನಾರ್ಕ್ಸ್ ತಂಡದಲ್ಲಿ ಆಡಿದವನು. ಅಂದು ಮೈದಾನದಲ್ಲಿ ಸುಮಾರು 26 ಸಾವಿರ ಜನ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನ ಎಂದು ಅಂದಾಜು. ಗಿಬ್ಸನ್ ಸತ್ತು ಮೂರು ತಿಂಗಳೂ ತುಂಬಿರಲಿಲ್ಲ.

ರಾಬಿನ್ಸನ್‌ನ ಆಟಗಳು ಕಪ್ಪು ಮನೆಗಳಲ್ಲಿ ಮಕ್ಕಳಿಗೆ ಹೇಳುವ ಕತೆಗಳಾದವು. ಫಿಲಡೆಲ್ಫಿಯಾ ತಂಡದ ಮ್ಯಾನೇಜರ್ ಬೆನ್ ಚ್ಯಾಪ್ಮನ್ ಬಾಯಿಗೆ ಬಂದಂತೆ ಜನಾಂಗದ ಹೆಸರೆತ್ತಿ ಬೈದರೂ ಅವನು ಸಹಿಸಿದ್ದು, 1955ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ ಪಿಚರ್ ಎಸೆಯುತ್ತಿರುವಾಗಲೇ ಮೂರನೇ ಬೇಸಿಂದ ನುಗ್ಗಿ ಹೋಮ್ ಮುಟ್ಟಿದ್ದು. ಅಂಪೈರ್ ಅವನನ್ನು ಔಟ್ ಕೊಡಲಿಲ್ಲ. ಎದುರು ತಂಡದ ಕ್ಯಾಚರ್ ಯೋಗಿ ಬೆರ್ರಾ ಸಾಯುವವರೆಗೂ ಅದು ಔಟ್ ಅಂತಲೇ ವಾದಿಸಿದ. ಆ ಜಗಳ ಅಭಿಮಾನಿಗಳ ನಡುವೆ ಇನ್ನೂ ಮುಗಿದಿಲ್ಲ.

ಆದರೆ ಈ ಗೆಲುವಿನ ಬೆಲೆಯನ್ನೂ ಲೆಕ್ಕ ಹಾಕಬೇಕು. ರಾಬಿನ್ಸನ್‌ನನ್ನು ಕರೆದುಕೊಂಡ ಬ್ರ್ಯಾಂಚ್ ರಿಕಿ ಮೊನಾರ್ಕ್ಸ್ ತಂಡಕ್ಕೆ ಒಂದು ಕಾಸೂ ಕೊಡಲಿಲ್ಲ. ಒಬ್ಬೊಬ್ಬರಾಗಿ ಒಳ್ಳೆಯ ಆಟಗಾರರು ಹೋದರು. ಅವರ ಹಿಂದೆ ಪ್ರೇಕ್ಷಕರು ಹೋದರು. 1948ರ ಆಟಗಳು ಮುಗಿದ ಮೇಲೆ ನೀಗ್ರೋ ನ್ಯಾಷನಲ್ ಲೀಗ್ ಬಾಗಿಲು ಹಾಕಿತು. ಕಪ್ಪು ಮಾಲೀಕರು, ಮ್ಯಾನೇಜರುಗಳು, ಲೆಕ್ಕ ಬರೆಯುವವರು, ಟಿಕೆಟ್ ಹರಿಯುವವರು ಇವರನ್ನು ದೊಡ್ಡ ಲೀಗು ಕರೆಯಲಿಲ್ಲ. ಆಟಗಾರ ಬೇಕಿತ್ತು, ಅವನ ಹಿಂದಿನ ಸಮುದಾಯ ಬೇಕಿರಲಿಲ್ಲ. ಬೋಸ್ಟನ್ ರೆಡ್ ಸಾಕ್ಸ್ ತಂಡ 1959ರವರೆಗೂ ಒಬ್ಬ ಕಪ್ಪು ಆಟಗಾರನನ್ನೂ ಸೇರಿಸಲಿಲ್ಲ. ಮೇಜರ್ ಲೀಗಿಗೆ ಮೊದಲ ಕಪ್ಪು ಮ್ಯಾನೇಜರ್ ಬಂದದ್ದು 1975ರಲ್ಲಿ. ಅದನ್ನು ನೋಡಬೇಕೆಂದು 1972ರ ಅಕ್ಟೋಬರಿನಲ್ಲಿ ತುಂಬಿದ ಮೈದಾನದ ಮುಂದೆ ಹೇಳಿದ ರಾಬಿನ್ಸನ್ ಒಂಬತ್ತು ದಿನಕ್ಕೆ ತೀರಿಕೊಂಡಿದ್ದ.

*

ಲೀಗು ಸತ್ತ ಮೇಲೆ ಉಳಿದದ್ದು ಮಾತೊಂದೇ. 1970ರಲ್ಲಿ ರಾಬರ್ಟ್ ಪೀಟರ್ಸನ್ ಎಂಬ ಪತ್ರಕರ್ತ ಈ ಆಟಗಾರರ ಬಗ್ಗೆ ಪುಸ್ತಕ ತಂದ. ಜಾನ್ ಹಾಲ್ವೇ ಮುದಿ ಆಟಗಾರರ ಮನೆಗಳಿಗೆ ಹೋಗಿ ಅವರ ಮಾತನ್ನು ಬರೆದುಕೊಂಡು 1975ರಲ್ಲಿ ಅಚ್ಚು ಹಾಕಿಸಿದ. ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್ 1971ರಲ್ಲಿ ಪೈಜ್‌ನನ್ನು ಸೇರಿಸಿಕೊಳ್ಳುವಾಗ ಮೊದಲು ಬೇರೆಯದೇ ಒಂದು ವಿಭಾಗದಲ್ಲಿ ಇಡಲು ಹೊರಟಿತ್ತು. ಅಲ್ಲೂ ಬೇರೆ ಲೋಟ! ಜನ ಬೈದ ಮೇಲೆ ಎಲ್ಲರ ಜೊತೆ ಇಟ್ಟರು. 1972ರಲ್ಲಿ ಗಿಬ್ಸನ್ ಸೇರಿದ. ಅವನ ಫಲಕದ ಮೇಲೆ ಸುಮಾರು 800 ಹೋಮ್ ರನ್ ಎಂದು ಬರೆದರು. ಅದು ಊರೂರು ಅಲೆದು ಆಡಿದ್ದೆಲ್ಲ ಸೇರಿ ಜನರ ಬಾಯಲ್ಲಿದ್ದ ಲೆಕ್ಕ. ಪತ್ರಿಕೆಗಳಲ್ಲಿ ಸಿಕ್ಕ ಲೀಗ್ ಪಂದ್ಯಗಳ ಲೆಕ್ಕ 200ಕ್ಕೂ ಕಡಿಮೆ. ಈ ಎರಡು ಅಂಕಿಗಳ ನಡುವಿನ ಬಯಲಿನಲ್ಲಿ ಒಬ್ಬ ಮನುಷ್ಯನ ಜೀವಮಾನದ ದುಡಿಮೆ ಕಳೆದುಹೋಗಿದೆ.

ಬಕ್ ಓನೀಲ್ ಅವರ ಕತೆ ಕೇಳಿ. ಫ್ಲಾರಿಡಾದ ಸೆಲರಿ ಸೊಪ್ಪಿನ ಹೊಲಗಳಲ್ಲಿ ದುಡಿದ ಹುಡುಗ. ಅವರ ಊರಿನ ಹೈಸ್ಕೂಲಿಗೆ ಕಪ್ಪು ಮಕ್ಕಳಿಗೆ ಪ್ರವೇಶವಿರಲಿಲ್ಲ. ಮೊನಾರ್ಕ್ಸ್ ತಂಡದಲ್ಲಿ ಆಡಿ, ಅದರ ಮ್ಯಾನೇಜರ್ ಆಗಿ, 1962ರಲ್ಲಿ ಮೇಜರ್ ಲೀಗಿನ ಮೊದಲ ಕಪ್ಪು ಕೋಚ್ ಆದರು. 1990ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ನೀಗ್ರೋ ಲೀಗ್‌ಗಳ ಮ್ಯೂಸಿಯಂ ಕಟ್ಟಲು ನಿಂತವರಲ್ಲಿ ಒಬ್ಬರು. ಮುಪ್ಪಿನಲ್ಲೂ ಊರೂರು ತಿರುಗಿ ತಮ್ಮ ಗೆಳೆಯರ ಹೆಸರು ಹೇಳಿದರು. 2006ರಲ್ಲಿ ಹಾಲ್ ಆಫ್ ಫೇಮಿನ ವಿಶೇಷ ಸಮಿತಿ ನೀಗ್ರೋ ಲೀಗ್ ಕಾಲದ 17 ಜನರನ್ನು ಆರಿಸಿತು. ಎಫಾ ಮ್ಯಾನ್ಲಿ ಆ ಹಾಲಿಗೆ ಹೋದ ಮೊದಲ ಹೆಂಗಸಾದರು. 94ರ ಓನೀಲ್ ಅವರನ್ನು ಮಾತ್ರ ಕೈಬಿಟ್ಟರು. ಆ 17 ಜನರಲ್ಲಿ ಒಬ್ಬರೂ ಬದುಕಿರಲಿಲ್ಲ. ಅವರ ಪರವಾಗಿ ಮಾತಾಡಲು ಓನೀಲ್ ಹೋದರು. ತಮಗಾದ ಅವಮಾನದ ಮಾತೆತ್ತದೆ ಎಲ್ಲರ ಕೈ ಕೈ ಹಿಡಿಸಿ ಹಾಡಿಸಿದರು. ಎರಡು ತಿಂಗಳು ಕಳೆದು ತೀರಿಕೊಂಡರು. ಅವರನ್ನು ಸೇರಿಸಿಕೊಂಡದ್ದು 2022ರಲ್ಲಿ.

ಈ ನಡುವೆ ಅಭಿಮಾನಿಗಳು ಇನ್ನೊಂದು ಕೆಲಸ ಹಿಡಿದಿದ್ದರು. ಲ್ಯಾರಿ ಲೆಸ್ಟರ್ ಅಂಥವರು ಹಳೆಯ ವಾರಪತ್ರಿಕೆಗಳ ಫಿಲ್ಮಿನ ಸುರುಳಿಗಳನ್ನು ಬಿಚ್ಚಿ, ಒಂದೊಂದು ಪಂದ್ಯದ ಅಂಕಿಗಳನ್ನು ಕೈಯಾರೆ ಎತ್ತಿ ಬರೆದರು. ಹೆಚ್ಚಿನವರಿಗೆ ಇದಕ್ಕೆ ಸಂಬಳವಿಲ್ಲ. ಒಬ್ಬ ವೈದ್ಯ ಗೋರಿಗಲ್ಲಿಲ್ಲದ ಆಟಗಾರರ ಗೋರಿಗಳನ್ನು ಹುಡುಕಿ, ಚಂದಾ ಎತ್ತಿ ಕಲ್ಲು ನೆಡಿಸುತ್ತ ಬಂದ. ಗಿಬ್ಸನ್‌ನ ಗೋರಿಯ ಮೇಲೇ 1975ರವರೆಗೆ ಹೆಸರಿರಲಿಲ್ಲ. 2020ರ ಡಿಸೆಂಬರಿನಲ್ಲಿ ಮೇಜರ್ ಲೀಗ್ ಸಂಸ್ಥೆ 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗ್‌ಗಳನ್ನು ತನ್ನ ಸಮಕ್ಕೆ ಎಂದು ಒಪ್ಪಿತು. 2024ರಲ್ಲಿ 2,300ಕ್ಕೂ ಹೆಚ್ಚು ಆಟಗಾರರ ಅಂಕಿಗಳು ಪುಸ್ತಕಕ್ಕೆ ಸೇರಿದವು. ಆ ಅಂಕಿಗಳಲ್ಲಿ ಬಹುಪಾಲು ಈ ಜನ ಹುಡುಕಿಕೊಟ್ಟವು.

ನೀಗ್ರೋ ಲೀಗ್ ದೊಡ್ಡದೆಂದು ಹೇಳಲು ಅದನ್ನು ಹೊರಗಿಟ್ಟವರ ಸರ್ಟಿಫಿಕೇಟು ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಒಪ್ಪುವ ಮಾತೇ. ಅವರು ಮೊದಲಿಂದಲೂ ದೊಡ್ಡವರೇ. ಆದರೂ ಪುಸ್ತಕ ತಿದ್ದಿಸುವುದು ಸಣ್ಣ ಕೆಲಸವಲ್ಲ. ನಾಳೆ ಶಾಲೆಯ ಹುಡುಗ ನೋಡುವುದು ಪುಸ್ತಕವನ್ನೇ ತಾನೇ? ಅದೇ 2024ರ ಜೂನ್ 20ರಂದು ಅಲಬಾಮಾದ ರಿಕ್‌ವುಡ್ ಮೈದಾನದಲ್ಲಿ ನೀಗ್ರೋ ಲೀಗ್‌ಗಳ ಗೌರವಕ್ಕೆಂದು ಪಂದ್ಯ ಇಟ್ಟರು. ಆ ಮೈದಾನದಲ್ಲಿ ಹುಡುಗನಾಗಿ ಆಡಿ ಬೆಳೆದ ವಿಲ್ಲಿ ಮೇಸ್ ಎರಡು ದಿನ ಮುಂಚೆ ಕಣ್ಣುಮುಚ್ಚಿದ್ದರು. ಹಬ್ಬದ ಆ ಸಂಜೆ ಹಳೆಯ ಆಟಗಾರ ರೆಜ್ಜಿ ಜ್ಯಾಕ್ಸನ್, 1967ರಲ್ಲಿ ಇದೇ ಊರಿನಲ್ಲಿ ತನಗೆ ಊಟದ ಮನೆ, ಹೋಟೆಲುಗಳು ಬಾಗಿಲು ತೋರಿಸಿದ್ದನ್ನು ಟೆಲಿವಿಷನ್ನಿನ ಮುಂದೆ ನೇರವಾಗಿ ಹೇಳಿದರು. ಸನ್ಮಾನದ ಹಾರ ಹಾಕಿಸಿಕೊಂಡು ಸುಮ್ಮನೆ ಕೂರಲಿಲ್ಲ. ಬಾಯಿಮಾತಿನ ಕೆಲಸ ಇನ್ನೂ ಮುಗಿದಿಲ್ಲ ಅನ್ನೋದಕ್ಕೆ ಇದೇ ಸಾಕ್ಷಿ.

*

ಆ ಜನರ ಹೋರಾಟಕ್ಕೂ ನಮ್ಮದಕ್ಕೂ ನಂಟು ಹಳೆಯದು. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ನಾಯಕ ಡು ಬಾಯ್ಸ್ ಅವರಿಗೆ ಕಾಗದ ಬರೆದಿದ್ದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಕಟ್ಟಿದ ದಲಿತ ಪ್ಯಾಂಥರ್ಸ್, ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರನ್ನೇ ತೊಟ್ಟಿತು. ಆಟದಲ್ಲೂ ನಮಗೊಬ್ಬ ಗಿಬ್ಸನ್ ಇದ್ದ. ಪಲ್ವಂಕರ್ ಬಾಲೂ. ಧಾರವಾಡದಲ್ಲಿ ಹುಟ್ಟಿದ ಚಮ್ಮಾರ ಜಾತಿಯ ಈ ಬೌಲರ್, ಪುಣೆಯಲ್ಲಿ ಇಂಗ್ಲಿಷರ ಮೈದಾನ ಸವರುವ ಕೆಲಸದಿಂದ ಶುರುಮಾಡಿ, 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ 114 ವಿಕೆಟ್ ಕಿತ್ತ. ಊರಿನಲ್ಲಿ ತಂಡದ ಜೊತೆಗಾರರು ಒಳಗೆ ಪಿಂಗಾಣಿ ಬಟ್ಟಲಲ್ಲಿ ಚಾ ಕುಡಿದರೆ ಅವನಿಗೆ ಹೊರಗೆ ಮಣ್ಣಿನ ಕುಡಿಕೆ. ಹಿಂದೂ ತಂಡದ ನಾಯಕತ್ವ ಅವನಿಗೆ ಸಿಗಲೇ ಇಲ್ಲ. ತಮ್ಮ ವಿಠ್ಠಲನಿಗೆ 1923ರಲ್ಲಿ ಸಿಕ್ಕಿತು. ಚರಿತ್ರಕಾರ ರಾಮಚಂದ್ರ ಗುಹ 2002ರಲ್ಲಿ ತಮ್ಮ ಪುಸ್ತಕದಲ್ಲಿ ಈ ಕತೆ ಬಿಚ್ಚಿಡುವವರೆಗೆ ನಮ್ಮಲ್ಲಿ ಎಷ್ಟು ಜನರಿಗೆ ಈ ಹೆಸರು ಗೊತ್ತಿತ್ತು?

ಅಲ್ಲಿ ಕ್ಷೌರದಂಗಡಿ ಇತ್ತು, ಹೇಳುವ ಓನೀಲ್ ಇದ್ದರು, ಬರೆದುಕೊಳ್ಳುವ ಲೆಸ್ಟರ್ ಇದ್ದರು. ನಮ್ಮ ಕೇರಿಗಳಲ್ಲಿ ಗುಂಡುಕಲ್ಲು ಎತ್ತಿದವರಿದ್ದಾರೆ, ಕುಸ್ತಿ ಗೆದ್ದೂ ಬಹುಮಾನ ಕೈಗೆ ಸಿಗದವರಿದ್ದಾರೆ, ಕಬಡ್ಡಿಯಲ್ಲಿ ಊರಿನ ಮಾನ ಕಾಪಾಡಿ ಅದೇ ಊರಿನ ಹೋಟೆಲಿನ ಹೊರಗೆ ನಿಂತವರಿದ್ದಾರೆ. ಅವರ ಹೆಸರು ಇವತ್ತಿಗೂ ಚಾವಡಿ ಮಾತಿನಲ್ಲಿ, ಹೆಂಗಸರ ಕಳೆ ಕೀಳುವ ಮಾತಿನಲ್ಲಿ ಇದೆ. ಹೇಳುವವರಿಗೆ ಎಪ್ಪತ್ತಾಯಿತು, ಎಂಬತ್ತಾಯಿತು.

ಹಳ್ಳಿಯ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ನಮ್ಮದೊಂದು ಕೋರಿಕೆ. ಒಂದು ನೋಟ್ ಪುಸ್ತಕ ತಗೊಳ್ಳಿ. ಕೇರಿಯ ಹಿರಿಯರ ಹತ್ತಿರ ಕೂತು ಕೇಳಿ. ಯಾರು ಆಡಿದರು, ಯಾವ ಜಾತ್ರೆಯಲ್ಲಿ, ಯಾವ ವರ್ಷ, ಎದುರಿಗೆ ಯಾರಿದ್ದರು, ಗೆದ್ದ ಮೇಲೆ ಏನು ಕೊಟ್ಟರು, ಏನು ಕೊಡಲಿಲ್ಲ. ಒಬ್ಬರು ಹೇಳಿದ್ದನ್ನು ಇನ್ನಿಬ್ಬರ ಹತ್ತಿರ ಕೇಳಿ ತಾಳೆ ನೋಡಿ. ಬಣ್ಣವನ್ನೂ ಬರೆದುಕೊಳ್ಳಿ, ತಿರುಳನ್ನೂ ಬರೆದುಕೊಳ್ಳಿ, ಯಾವುದು ಯಾವುದೆಂದು ಗುರುತು ಹಾಕಿ. ನಾಳೆ ಯಾರಾದರೂ ಬಂದು ದಾಖಲೆ ಎಲ್ಲಿ ಅಂತ ಕೇಳಿದರೆ ಆ ಪುಸ್ತಕವನ್ನು ಅವರ ಮುಂದೆ ಇಡೋಣ.